ಕಂದಾಯ ಏರಿಸಿಕೊಂಡ ಓಣಿ

ನನ್ನ ವಾರಗಿತ್ತಿಯನ್ನು ಊರೆಲ್ಲ ಟೇಪಮ್ಮ ಅಂತಲೇ ಕರೆಯುತ್ತದೆ. ಪುರಸಭೆಯಲ್ಲಿ ಮನೆ ಅಳೆದು ಕಂದಾಯ ಗೊತ್ತು ಮಾಡುವುದು ಅವಳ ಕೆಲಸ. ನೆಂಟರ ಮನೆಗೆ ಹೋದರೂ ಅವಳ ಕಣ್ಣು ಮೊದಲು ಹೋಗುವುದು ಗೋಡೆಯ ಉದ್ದಕ್ಕೆ, ಆಮೇಲೆ ಮನುಷ್ಯರ ಕಡೆಗೆ. "ಈ ಹಾಲ್ ನಮ್ಮ ಲೆಕ್ಕದಲ್ಲಿ ಇಷ್ಟು ದೊಡ್ಡದಿಲ್ವಲ್ಲ?" ಎಂದು ಊಟದ ಮಧ್ಯೆ ಕೇಳಿ ಒಮ್ಮೆ ಮನೆಯೊಡೆಯನಿಗೆ ತುತ್ತು ನೆತ್ತಿಗೇರಿಸಿದ್ದಳು. ಜಂಬಕ್ಕೂ ಕಡಿಮೆಯಿಲ್ಲ. ಅವಳಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಬೇರೆ ಹೇಳಬೇಕಿಲ್ಲ.

ರೈಲು ನಿಲ್ದಾಣದ ಸುತ್ತ ದೊಡ್ಡ ದೊಡ್ಡ ಕಟ್ಟಡಗಳು ಎದ್ದು ಪುರಸಭೆಗೆ ಕಂದಾಯ ಚೆನ್ನಾಗಿ ಬರತೊಡಗಿತು. ಹೀಗೆ ಹೆಚ್ಚಿಗೆ ಬಂದ ಹಣವನ್ನು ಕೆಲವು ವರ್ಷ ಬಡ ಓಣಿಗಳಿಗೇ ಹಾಕಬೇಕೆಂದು ತೀರ್ಮಾನವಾಯಿತು. ಮೊದಲು ನಮ್ಮ ಓಣಿಯೇ ಆಗಲಿ ಎಂದು ಪಟ್ಟು ಹಿಡಿದವಳು ಟೇಪಮ್ಮ. "ಚರಂಡಿ ಮುಚ್ಚಿಸಿ, ದೀಪ ಹಾಕ್ಸಿ. ಮನೆಗಳು ತಾವಾಗೇ ಎದ್ದು ನಿಲ್ತವೆ. ಆಮೇಲೆ ನಾವೂ ಕಂದಾಯ ಕಟ್ತೀವಿ, ಪಕ್ಕದ ಓಣಿ ಎದ್ದೇಳುತ್ತೆ" ಎಂದು ಪುರಸಭೆಯ ಅಧ್ಯಕ್ಷರಿಗೆ ಮಾತು ಕೊಟ್ಟು ಬಂದಿದ್ದಳು.

ಮೊದಲ ವರ್ಷದ ಹಣದಲ್ಲಿ ಓಣಿಯ ಮೇಲಿನರ್ಧ ಉದ್ಧಾರವಾಯಿತು. ಚರಂಡಿಗೆ ಕಲ್ಲುಚಪ್ಪಡಿ ಬಿತ್ತು, ಕಂಬಕ್ಕೆ ದೀಪ ಬಂತು. ಅದನ್ನು ನೋಡಿ ಜನ ಹೊಸ ಬಾಗಿಲು ಇಡಿಸಿದರು, ಕೋಣೆ ಕಟ್ಟಿಸಿದರು. ಅತ್ತೆ, ಟೇಪಮ್ಮ ಒಟ್ಟಿಗಿರುವ ಮನೆ ಅಲ್ಲೇ. ಕೆಳಗಿನ ತುದಿಯಲ್ಲಿರುವವಳು ನಾನು. ಜೋರು ಮಳೆ ಬಂದರೆ ಚರಂಡಿ ನೇರವಾಗಿ ನನ್ನ ಅಡುಗೆಮನೆಗೆ ನುಗ್ಗುತ್ತಿತ್ತು, ಒಲೆ ಎತ್ತಿ ಮಂಚದ ಮೇಲಿಡಬೇಕಾಗುತ್ತಿತ್ತು. ಎರಡನೇ ವರ್ಷದ ಹಣ ನನ್ನ ಹೊಸ್ತಿಲಿಗೆ ಬರಬೇಕಿತ್ತು. ಆದರೆ ಅಧ್ಯಕ್ಷರು ಖುದ್ದಾಗಿ ಬಂದು, ಓಣಿ ಸುಧಾರಿಸಿದೆ ಎಂದು ಒಪ್ಪಬೇಕು. ಒಪ್ಪದಿದ್ದರೆ ಆ ಹಣ ಪೇಟೆ ರಸ್ತೆಯ ಪಾಲು.

ಆ ದಿನ ಬೆಳಿಗ್ಗೆ ಟೇಪಮ್ಮ, "ನಮ್ಮ ಕಚೇರಿಯಿಂದ ದೊಡ್ಡವರು ಬರ್ತಿದಾರೆ, ಕರ್ಕೊಂಡು ಬರ್ತೀನಿ" ಎಂದು ಅತ್ತೆಗೆ ಹೇಳಿ ಅವಸರದಲ್ಲಿ ಹೋದಳು. ನಮ್ಮ ಓಣಿಗೆ ಅಷ್ಟು ಸಾಕು, ಅವಳ ಕಚೇರಿಯೆಂದರೆ ಕಂದಾಯ. ಕಂದಾಯದವರು ಬರುತ್ತಾರೆಂದರೆ ಮನೆಯನ್ನು ಹಾಳು ಮಾಡಿ ತೋರಿಸುವುದು ನಮಗೆ ಅಜ್ಜನ ಕಾಲದಿಂದ ಬಂದ ವಿದ್ಯೆ. ಅತ್ತೆ ಟೊಂಕ ಕಟ್ಟಿ ನಿಂತರು. ಹೊಸ ಬಾಗಿಲುಗಳು ಕಳಚಿ ಹಿತ್ತಿಲು ಸೇರಿದವು, ಅವುಗಳ ಜಾಗಕ್ಕೆ ಗೋಣಿತಾಟು ಬಂತು. ಸುಣ್ಣದ ಗೋಡೆಗೆ ಮಸಿನೀರು ಎರಚಿದರು. ಚಪ್ಪಡಿಯ ಮೇಲೆ ಕಸ ಸುರಿದರು. ಹೊಸ ಕೋಣೆಯಲ್ಲಿ ಮೇಕೆ ಕಟ್ಟಿ ಅದನ್ನು ಕೊಟ್ಟಿಗೆ ಮಾಡಿದರು. ನನ್ನ ಮನೆಯಲ್ಲಿ ಬಚ್ಚಿಡುವಂಥದ್ದು ಏನೂ ಇರಲಿಲ್ಲವಾದ್ದರಿಂದ ನನಗೆ ಯಾರೂ ಹೇಳಿಕಳಿಸಲೂ ಇಲ್ಲ. ನಾನು ಅಡುಗೆಮನೆಯ ಕೆಸರು ಬಳಿಯುತ್ತಿದ್ದೆ.

ಗದ್ದಲ ಕೇಳಿ ಮೇಲೆ ಹೋದರೆ ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದು ಅತ್ತೆಯ ಮನೆ ಮುಂದೆ ನಿಂತಿದ್ದರು, ಹಿಂದೆ ಅವರ ಗುಮಾಸ್ತ.

"ಏನಮ್ಮ ಇದು? ವರ್ಷವಿಡೀ ದುಡ್ಡು ಸುರಿದಿದ್ದು ಈ ಚಂದಕ್ಕಾ?"

ಟೇಪಮ್ಮನ ಮುಖ ಬಿಳಿಚಿಕೊಂಡಿತ್ತು. ನನಗೋ ಮೈಯೆಲ್ಲ ಉರಿದುಹೋಯಿತು. ನನ್ನ ಚರಂಡಿ ನನ್ನ ಕಣ್ಣೆದುರಿಗೇ ಪೇಟೆಗೆ ಹೋಗುತ್ತಿತ್ತು!

ಟೇಪಮ್ಮ ಒಮ್ಮೆ ಗೋಣಿತಾಟನ್ನು ನೋಡಿದಳು, ಒಮ್ಮೆ ಅತ್ತೆಯನ್ನು ನೋಡಿದಳು. ಮರುಕ್ಷಣ ತಾಟನ್ನು ಕಿತ್ತೆಸೆದು ಒಳಗೆ ನುಗ್ಗಿದಳು. ಹೊಸ ಟೈಲ್ಸ್ ಮೇಲೆ ಮೇಕೆ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

"ಸಾರ್, ಇದು ಕೊಟ್ಟಿಗೆ ಅಲ್ಲ. ದೀಪ ಬಂದ್ಮೇಲೆ ಕಟ್ಟಿಸಿದ ಕೋಣೆ. ಬಾಗಿಲು ಹಿತ್ತಿಲಲ್ಲಿದೆ. ಗುಮಾಸ್ತರೇ, ಟೇಪ್ ಹಿಡ್ಕೊಳ್ಳಿ. ನಮ್ಮನೆ ಕಂದಾಯ ಏರಿಸಿ!"

"ಅಯ್ಯೋ ಮನೆಹಾಳಿ! ಉಂಡ ಮನೆಗೇ ಕಂದಾಯ ಹಾಕಿಸ್ತೀಯಾ?" ಎಂದು ಅತ್ತೆ ಬಾಯಿ ಬಡಿದುಕೊಂಡರು.

"ಅತ್ತೆ, ಓಣಿ ಚೆನ್ನಾಗಾಗಿದೆಯಾ ಅಂತ ನೋಡೋಕೆ ಬಂದಿದಾರೆ. ಹಾಳಾಗಿದೆ ಅಂತ ತೋರಿಸಿದ್ರೆ ದುಡ್ಡು ನಿಂತೋಗುತ್ತೆ. ನಿಮ್ಮ ಚಿಕ್ಕ ಸೊಸೆ ಕೆಸರಲ್ಲೇ ಅಡುಗೆ ಮಾಡ್ಬೇಕಾಗುತ್ತೆ."

ಅತ್ತೆ ನನ್ನ ಕಡೆ ತಿರುಗಿದರು. ಮೊಣಕೈವರೆಗೆ ಕೆಸರು ಮೆತ್ತಿಕೊಂಡು ನಿಂತಿದ್ದೆ. ಬಯ್ಯದೆ ಅವರು ನನ್ನನ್ನು ಅಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ. ಆಮೇಲೆ ಬೀದಿಗಿಳಿದು ಗಂಟಲು ಹರಿಯುವಂತೆ ಕೂಗಿದರು.

"ಏಯ್, ಎಲ್ರೂ ಬಾಗಿಲು ತನ್ರೋ! ಮೇಕೆ ಬಿಚ್ರೋ! ಗೋಡೆ ತೊಳೀರೋ!"

ಓಣಿಗೆ ಓಣಿಯೇ ತಿರುವುಮುರುವಾಯಿತು. ತಲೆಯ ಮೇಲೆ ಬಾಗಿಲು ಹೊತ್ತವರು ಒಬ್ಬರಿಗೊಬ್ಬರು ಢಿಕ್ಕಿ ಹೊಡೆದರು. ನಮ್ಮ ಓಣಿಯ ಕ್ಷೌರಿಕನೊಬ್ಬ ಆ ಗುಮಾಸ್ತನ ತೋಳು ಹಿಡಿದು, "ಮೇಲೆ ಅಟ್ಟನೂ ಇದೆ, ಬಿಟ್ಬಿಟ್ರಲ್ಲ!" ಎಂದು ಜಗಳಕ್ಕೇ ನಿಂತ. ದರ್ಜಿ ಮುಂದಿನ ವರ್ಷ ಕಟ್ಟಿಸಲಿರುವ ಮಹಡಿಯನ್ನೂ ಈಗಲೇ ಸೇರಿಸಿಕೊಳ್ಳಿ ಎಂದ.

"ಇಷ್ಟು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದವರು," ಅಂದರು ಅಧ್ಯಕ್ಷರು. "ಇವತ್ತು ನಿಜ ಹೇಳ್ತಿದಾರೆ ಅಂತ ಹೇಗಮ್ಮ ನಂಬೋದು?"

"ಕಂದಾಯ ಜಾಸ್ತಿ ಹಾಕಿಸ್ಕೊಳ್ಳೋಕೆ ಸುಳ್ಳು ಹೇಳಿದೋರನ್ನ ಎಲ್ಲಾದ್ರೂ ನೋಡಿದೀರಾ ಸಾರ್?" ಅಂದಳು ಟೇಪಮ್ಮ.

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಟ್ಟ ಮನುಷ್ಯರಲ್ಲ. ನನ್ನ ಅಡುಗೆಮನೆಗೂ ಬಂದು, ಬೂಟು ಹೂತುಹೋಗುವಷ್ಟು ಹೊತ್ತು ನಿಂತು, ಹೊರಡುವಾಗ ಗುಮಾಸ್ತನಿಗೆ "ಕೆಲಸ ಮುಂದುವರಿಸಿ" ಅಂದರು. ಅವತ್ತು ನನ್ನ ವಾರಗಿತ್ತಿಯನ್ನು ಕಂಡು ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಅವಳಿಗೆ ಹೇಳಲಿಲ್ಲ, ಇರುವ ಜಂಬವೇ ಸಾಕು.

ಮಳೆಗಾಲಕ್ಕೆ ಮುಂಚೆ ನನ್ನ ಮನೆ ಮುಂದೆಯೂ ಚಪ್ಪಡಿ ಬಿತ್ತು. ಅದರ ಹಿಂದೆಯೇ ಏರಿದ ಕಂದಾಯವೂ ಬಂತು. ಅತ್ತೆ ಯಾರ ಕೈಗೂ ಕೊಡದೆ ತಾವೇ ಪುರಸಭೆಗೆ ಹೋಗಿ, ಸಾಲಿನಲ್ಲಿ ನಿಂತು ಕಟ್ಟಿದರು. ಕಟ್ಟಿದವರು ಕಿಟಕಿ ಬಿಟ್ಟು ಕದಲಲಿಲ್ಲ.

"ಇದು ಯಾವ ಓಣಿಗೆ ಹೋಗುತ್ತಪ್ಪ?"

"ಈ ವರ್ಷ ನಿಮ್ಮ ಪಕ್ಕದ ನೇಕಾರರ ಓಣಿಗೆ, ಅಜ್ಜಿ."

ಮರುದಿನ ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ನನ್ನನ್ನು ಜೊತೆಗೆ ಕರೆದುಕೊಂಡು ಆ ಓಣಿಗೆ ಹೋದರು. ಅಲ್ಲಿ ಚರಂಡಿ ಅಗೆಯುತ್ತಿದ್ದರು. ಅತ್ತೆ ಬಗ್ಗಿ ಗುಂಡಿಯೊಳಗೆ ಇಣುಕಿದರು, ತಲೆಯಾಡಿಸಿದರು, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇನ್ನೂ ಸ್ವಲ್ಪ ಆಳಕ್ಕೆ ತೆಗೀರಪ್ಪ," ಅಂದರು. "ಇದ್ರಲ್ಲಿ ನನ್ನ ದುಡ್ಡಿದೆ."