ಜಂಗ್ಲಿಸಾಬ ಅಡಿಗೆಯವನಾದ ದಿನ

ಕಂಪನಿ ಸರಕಾರದ ವಿರುದ್ಧ ಬಂಡೆದ್ದ ನರಗುಂದದ ಕೋಟೆ ಬಿದ್ದು ಐದು ದಿನವಾಗಿತ್ತು. ಕೋಟೆಯಿಂದ ಕಂಪನಿಯ ಮೇಲೆ ತೋಪು ಹಾರಿಸಿದವರನ್ನು ಹುಡುಕುತ್ತ ಇಂಗ್ಲಿಷ್ ಸಾಹೇಬನೊಬ್ಬನ ತುಕಡಿ ಗಜೇಂದ್ರಗಡಕ್ಕೂ ಬಂದು ಊರಬಾಗಿಲಾದ ಅಗಸಿಯ ಬಳಿ ಡೇರೆ ಹೊಡೆದಿತ್ತು. ಸಿಕ್ಕವರಿಗೆ ಗಲ್ಲು ಎಂಬ ಸುದ್ದಿ ತುಕಡಿಗಿಂತ ಮುಂಚೆಯೇ ಬಂದಿತ್ತು.

ನೇಕಾರರ ಓಣಿಯಲ್ಲಿ ಜಂಗ್ಲಿಸಾಬ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಹದಿನೆಂಟು ವರ್ಷ ಕಂಪನಿಯ ಯುದ್ಧದ ಹಡಗಿನಲ್ಲಿ ತೋಪು ಹಾರಿಸಿ, ರಂಗೂನಿನ ಲಡಾಯಿ ಕಂಡು, ಎಡಗಿವಿ ಕಿವುಡು ಮಾಡಿಕೊಂಡು ಊರಿಗೆ ಮರಳಿದವನು. ಸಮುದ್ರ ನೋಡದ ಓಣಿಯವರಿಗೆ ಅವನ ಮಾತೆಂದರೆ ಹಬ್ಬ. ಹಡಗಿನ ಇಲಿಗಳಿಗೂ ಪಗಾರವಿತ್ತು ಎಂದರೂ ನಂಬುತ್ತಿದ್ದರು, ಪುಣ್ಯಾತ್ಮರು. ಅವನು ಒಳ್ಳೆಯ ತೋಪಿನವನೆಂದು ಕಪ್ತಾನ ಬರೆದುಕೊಟ್ಟ ಇಂಗ್ಲಿಷ್ ಕಾಗದವೊಂದಿತ್ತು. ಹಸಿರು ಬಟ್ಟೆಯಲ್ಲಿ ಸುತ್ತಿಟ್ಟು ವರ್ಷಕ್ಕೊಮ್ಮೆ ಬಿಚ್ಚಿ ತೋರಿಸುತ್ತಿದ್ದ. ಓಣಿಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ, ಅವನೂ ಸೇರಿ.

ಎದುರುಮನೆಯ ಕಳಕವ್ವ ಓಣಿಯುದ್ದಕ್ಕೂ ಹಾಸು, ಅಂದರೆ ಸೀರೆಯ ಉದ್ದೆಳೆಗಳನ್ನು ಎಳೆದು ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಆಗ ನೇಕಾರ ಪರಪ್ಪ ಏದುಸಿರು ಬಿಡುತ್ತ ಬಂದ.

"ಕಾಕಾ, ಕಳಕವ್ವನ ಗಂಡನ್ನ ಹಿಡದಾರ್ರಿ. ದ್ಯಾಮಪ್ಪ ಸೀರಿ ಕೊಡಾಕ ನರಗುಂದಕ್ಕ ಹೋಗಿದ್ನಲ್ಲ, ಹೊಳ್ಳಿ ಬರೂಮುಂದ ಅಗಸ್ಯಾಗ ಹಿಡದು, ಕೈಗಿನ ನೂಲಿನ ಕರೀ ಬಣ್ಣಾ ನೋಡಿ ತೋಪಿನ ಮದ್ದಿನ ಮಸಿ ಅಂದ್ರು. ಅಂವ ಅಂಜಿ, ನಾನೂ ನಿಮ್ಮವನರಿ, ಕಂಪನಿ ತೋಪಿನವ ಜಂಗ್ಲಿಸಾಬ ನನಗ ತೋಪ ಹಾರಿಸೋದು ಕಲಿಸ್ಯಾನ, ಅವನ ಹಂತೇಕ ಕಾಗದಾನೂ ಐತಿ ಅಂದಬಿಟ್ಟ. ಸಾಹೇಬ ನಿಮ್ಮನ್ನ ಕರದಾನ."

ಬೇಸರವಾದಾಗ ಜಂಗ್ಲಿಸಾಬ ಮಗ್ಗದ ಕೋಲು ಹಿಡಿದು ಕಲಿಸಿದ ಆಟವದು. ಮರ್ಯಾದೆ ಸಿಗುತ್ತದೆಂದು ತೋಪು ಬಲ್ಲೆನೆಂದ ದ್ಯಾಮಪ್ಪ ಗಲ್ಲಿನ ಹಗ್ಗವನ್ನು ತಾನೇ ಕೊರಳಿಗೆ ಹಾಕಿಕೊಂಡಿದ್ದ.

ಕಳಕವ್ವನ ಕೈ ನಿಂತುಹೋಯಿತು. ಗಂಜಿ ಹಚ್ಚಿದ ನೂಲನ್ನು ಒಣಗುವ ತನಕ ಕುಂಚದಿಂದ ತೀಡುತ್ತಲೇ ಇರಬೇಕು. ಬಿಟ್ಟರೆ ಎಳೆಗಳು ಅಂಟಿಕೊಂಡು ಇಡೀ ಹಾಸು ಹಾಳು. ಜಂಗ್ಲಿಸಾಬನ ಹೆಂಡತಿ ಜಮಾಲಬಿ ಆ ಕುಂಚ ಇಸಿದುಕೊಂಡು ತೀಡತೊಡಗಿದಳು.

ಅವನು ಒಳಗೆ ಹೋಗಿ ಕಾಗದ ತಂದ. ಗಂಜಿಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅದರಾಗ ನಿಮ್ಮ ಹದಿನೆಂಟು ವರ್ಷ ಅದಾವ," ಎಂದಳು ಜಮಾಲಬಿ, ಮೆಲ್ಲಗೆ.

"ಅದರಾಗ ದ್ಯಾಮಪ್ಪನ ಕುತಗಿ ಐತಿ," ಎಂದು ಕಾಗದವನ್ನು ಬೆಂಕಿಗಿಟ್ಟ.

ಅವನು ಅಗಸಿಗೆ ನಡೆದ. ರಂಗೂನಿನಲ್ಲೂ ಅವನು ಇಷ್ಟು ಹೆದರಿರಲಿಲ್ಲ; ಅಲ್ಲಿ ಹೋಗುವುದಿದ್ದರೆ ತನ್ನ ಜೀವವಷ್ಟೇ. ಹಿಂದೆ ಅರ್ಧ ಓಣಿ ಬರುತ್ತಿತ್ತು. ದ್ಯಾಮಪ್ಪ ಕೈಕಟ್ಟಿಸಿಕೊಂಡು ನಿಂತಿದ್ದ.

ಸಾಹೇಬನ ಮಾತನ್ನು ಮುನ್ಶಿ ಕನ್ನಡದಲ್ಲಿ ಹೇಳಿದ: "ನೀನು ತೋಪಿನವನೋ? ಕಾಗದ ಎಲ್ಲಿ?"

"ಸುಳ್ರಿ ಸರಕಾರ. ನಾನು ಹಡಗಿನ ಅಡಗಿಯವ. ಅದು ಬ್ಯಾಳಿ ಅಕ್ಕಿ ಚೀಟಿ, ಇವರಿಗೆ ಓದಾಕ ಬರಂಗಿಲ್ಲಂತ ತೋಪಿನ ಕಾಗದ ಅಂತಿದ್ದೆ. ಒಲಿಗೆ ಹೋತು."

ಸಾಹೇಬ ನಂಬಲಿಲ್ಲ. ದ್ಯಾಮಪ್ಪನ ಕೈ ಬಿಚ್ಚಿಸಿ, ತೋಪೆಂದು ಬಿದಿರಿನ ನಳಿಗೆಯೊಂದನ್ನು ಮುಂದಿಡಿಸಿ, ಕಲಿತದ್ದನ್ನು ಮಾಡಿ ತೋರಿಸು ಎಂದ.

ದ್ಯಾಮಪ್ಪ ಬಹಳ ಗಂಭೀರನಾಗಿ ಮೊದಲು ಗುಂಡೆಂದು ಒಂದು ಕಲ್ಲು ಹಾಕಿದ. ಅದರ ಮೇಲೆ ಮದ್ದೆಂದು ಮಣ್ಣು ಸುರಿದ. ಮೊದಲು ಮದ್ದು, ಆಮೇಲೆ ಗುಂಡು ಎಂದು ನೂರು ಸಲ ಹೇಳಿದ್ದರೂ ಈ ದಡ್ಡನ ತಲೆಗೆ ಹತ್ತಿರಲಿಲ್ಲ. ನಾಲಿಗೆ ತುದಿಗೆ ಬಂದ ತಪ್ಪು ಎಂಬ ಮಾತನ್ನು ಜಂಗ್ಲಿಸಾಬ ಹಲ್ಲು ಕಚ್ಚಿ ನುಂಗಿದ.

ಸಾಹೇಬ ಗಹಗಹಿಸಿ ನಕ್ಕ. ಸಿಪಾಯಿಗಳು ನಕ್ಕರು. ಆಮೇಲೆ ಓಣಿಯವರೂ ನಕ್ಕರು, ಆ ನಗು ಮಾತ್ರ ಜಂಗ್ಲಿಸಾಬನನ್ನು ನೋಡಿ. ದ್ಯಾಮಪ್ಪನನ್ನು ಬಿಟ್ಟು ಕಳಿಸಿದರು.

ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಅವನಿಗೆ ಅಡಗಿ ಕಾಕಾ ಎಂಬ ಹೆಸರು ಬಿದ್ದಿತ್ತು. ಜಮಾಲಬಿ ನಿಜ ಹೇಳಲು ಹೋದಳು. ತುಕಡಿ ಇನ್ನೂ ಅಗಸಿಯಲ್ಲೇ ಇತ್ತು; ಅವನು ಕಣ್ಣಲ್ಲೇ ತಡೆದ. ನೂಲು ಒಣಗಿತ್ತು, ಒಂದು ಎಳೆಯೂ ಅಂಟಿರಲಿಲ್ಲ. ಹಾಸು ಸುತ್ತುತ್ತ ದ್ಯಾಮಪ್ಪ ಮುಖ ಸಣ್ಣದು ಮಾಡಿ ಕೇಳಿದ:

"ಇಷ್ಟ ದಿನಾ ನಮಗ ಸುಳ್ಳ ಹೇಳಿದ್ರೇನ್ರಿ ಕಾಕಾ? ಹಂಗಾರ ಖರೇ ತೋಪಿಗೆ ಮೊದಲ ಏನ ಹಾಕ್ತಾರ?"

ಜಂಗ್ಲಿಸಾಬ ಹೊಸೆಯುತ್ತಿದ್ದ ಹಗ್ಗದಿಂದ ತಲೆ ಎತ್ತಲಿಲ್ಲ.

"ನನಗೇನ ಗೊತ್ತಪಾ," ಎಂದ. "ನಾನು ಅಡಗಿಯವ."