ಎರಡು ಕಡೆ ಕೇಳುವ ಮಾವ

ನನ್ನ ಮಾವ, ಅಂದರೆ ಗಂಡನ ಅಪ್ಪ, ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಿವಿಯಿಂದ ಕೆಲಸ ಮಾಡಿದವರು. ನೆಲದ ಕೆಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದು ಅವರ ಕೆಲಸ. ಎದೆಮಟ್ಟದ ಒಂದು ಕಬ್ಬಿಣದ ಸಲಾಕೆ, ಅದರ ತಲೆಗೆ ಬಟ್ಟಲಿನಂಥ ಮರದ ತುಂಡು. ಸಲಾಕೆಯನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಂತುಬಿಟ್ಟರೆ, ಪಾಪ ತಲೆ ಸುತ್ತು ಬಂದಿದೆ ಎಂದು ದಾರಿಯಲ್ಲಿ ಹೋಗುವವರು ನೀರು ತಂದು ಕೊಡುತ್ತಿದ್ದರಂತೆ. "ಕುಡೀತಿದ್ದೆ. ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತಾ?" ಎನ್ನುತ್ತಾರೆ. ಇಲಾಖೆಯಲ್ಲಿ ಎಲ್ಲರಿಗೂ ಅವರು ಕಿವಿಯಣ್ಣ. ನಿವೃತ್ತಿಯ ದಿನ ಕಟ್ಟಿದ ಬ್ಯಾನರಿನಲ್ಲೂ ಕಿವಿಯಣ್ಣ ಎಂದೇ ಬರೆಸಿದ್ದರು. ನಿಜವಾದ ಹೆಸರು ಯಾರಿಗೂ ಹೊಳೆಯಲಿಲ್ಲವಂತೆ.

ಇಂಥವರ ಜೊತೆ ಒಂದೇ ಸೂರಿನಡಿ ಇರುವುದು ಸುಲಭವಲ್ಲ. ಬಚ್ಚಲಿನ ನಲ್ಲಿಯನ್ನು ಅರ್ಧ ಸುತ್ತು ಕಡಿಮೆ ತಿರುಗಿಸಿದ್ದರೆ ತಮ್ಮ ಕೋಣೆಯಿಂದಲೇ "ನಲ್ಲಿ" ಎನ್ನುತ್ತಾರೆ. ಫ್ರಿಜ್ಜು ಇನ್ನೆರಡು ತಿಂಗಳು ಎಂದರು. ಏಳನೇ ವಾರಕ್ಕೆ ಅದು ಕಣ್ಣು ಮುಚ್ಚಿತು. ಮೇಲಿನ ಮನೆಯ ಗಂಡ ಹೆಂಡತಿ ಏನಕ್ಕೆ ಜಗಳ ಆಡುತ್ತಿದ್ದಾರೆ ಎಂದು ಒಮ್ಮೆ ಆಸೆಯಿಂದ ಕೇಳಿದೆ. "ಮಾತು ನಾನು ಕೇಳಲ್ಲಮ್ಮ. ಸದ್ದು ಮಾತ್ರ" ಎಂದರು. ಆದರೂ ನಾನೂ ನನ್ನ ಗಂಡನೂ ಒಂದೇ ಮಂಚದ ಮೇಲೆ ಕೂತು ಮೆಸೇಜು ಕಳಿಸಿಕೊಳ್ಳುತ್ತಿದ್ದೆವು.

ಅವರ ವೃತ್ತಿಯಲ್ಲಿ ಒಂದೇ ಒಂದು ಕಪ್ಪು ಚುಕ್ಕೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಕ್ಷೌರದಂಗಡಿಯ ಮುಂದೆ ಸೋರುವ ಸದ್ದು ಕೇಳಿ, "ಇಲ್ಲೇ ಅಗೀರಿ" ಎಂದುಬಿಟ್ಟರು. ಅಂಗಡಿಯ ಮೆಟ್ಟಿಲು ಒಡೆದು ಆಳುದ್ದ ಅಗೆದರೂ ಪೈಪು ಒಣಗಿಕೊಂಡು ಮಲಗಿತ್ತು. ಸೋರುತ್ತಿದ್ದದ್ದು ನಲವತ್ತು ಅಡಿ ಆಚೆ. ಸದ್ದು ಪೈಪಿನೊಳಗೇ ನಡೆದುಕೊಂಡು ಬಂದಿತ್ತು. ನಾಲ್ಕು ದಿನ ಗಿರಾಕಿಗಳು ಹಳ್ಳ ಹಾರಿ ಹೋಗಿ ಗಡ್ಡ ಬೋಳಿಸಿಕೊಂಡರು. ಆಮೇಲೆ ಆ ಕ್ಷೌರಿಕ ಎಷ್ಟೋ ವರ್ಷ ಮಾವನ ಎಡಗಡೆಯ ಕೆನ್ನೆಗೂದಲನ್ನು ಬಲಗಡೆಗಿಂತ ಒಂದು ಬೆರಳು ಮೇಲಕ್ಕೇ ಕತ್ತರಿಸಿದನಂತೆ. ಮಾವ ಅಂಗಡಿ ಬದಲಿಸಲಿಲ್ಲ. ಅದು ತಮಗೆ ಸಲ್ಲಬೇಕಾದದ್ದೇ ಎಂದುಕೊಂಡಿದ್ದರು. ಅವತ್ತಿನಿಂದ ಮಾತ್ರ ಎರಡು ಕಡೆ ಕಿವಿಯಿಟ್ಟು ಕೇಳದೆ, ಎರಡನ್ನೂ ತಾಳೆ ನೋಡದೆ, ಇಂಥ ಕಡೆ ಎಂದು ಬಾಯಿಬಿಟ್ಟವರಲ್ಲ.

ಇನ್ನು ನನ್ನ ವಿಷಯ. ನಾನು ಮೊದಲ ಸಲ ಬಸುರಾದಾಗ ಮಗುವಿನ ಎದೆಬಡಿತ ಒಂಬತ್ತನೇ ವಾರಕ್ಕೆ ನಿಂತುಹೋಗಿತ್ತು. ನೋವಿಲ್ಲ, ರಕ್ತವಿಲ್ಲ. ಅದಾದ ಮೇಲೂ ಹತ್ತೊಂಬತ್ತು ದಿನ ನಾನು ವಾಂತಿ ಮಾಡಿಕೊಂಡು, ಹೆಸರು ಹುಡುಕಿಕೊಂಡು ಇದ್ದೆ. ಸ್ಕ್ಯಾನಿನಲ್ಲಿ ಗೊತ್ತಾಯಿತು. ಹಾಗಾಗಿ ಎರಡನೇ ಸಲ ಹತ್ತನೇ ವಾರ ಹಿಡಿಯುತ್ತಿದ್ದಂತೆ, ಹೊಟ್ಟೆಗೆ ಹಚ್ಚಿ ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಯಂತ್ರ ತರಿಸಿಕೊಂಡೆ. ಅಂಗೈಯಗಲದ ಪೆಟ್ಟಿಗೆ, ಅದಕ್ಕೊಂದು ಸ್ಪೀಕರು, ವೈರಿನ ತುದಿಯಲ್ಲಿ ಹೊಟ್ಟೆಗೆ ಒತ್ತುವ ಗುಂಡಿ, ಜೊತೆಗೆ ಒಂದು ಟ್ಯೂಬು ಜೆಲ್. ಬಡಿತ ಎಷ್ಟೆಂದು ತೋರಿಸುವ ಪರದೆ ಇದ್ದದ್ದು ದುಬಾರಿ; ಇದರಲ್ಲಿ ಸದ್ದು ಮಾತ್ರ. ಹನ್ನೆರಡು ವಾರ ತುಂಬಿದ ಮೇಲೆ ಬಳಸಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಓದಲಿಲ್ಲ ಎಂದಲ್ಲ. ಓದಿ, ಇದು ಬೇರೆಯವರಿಗೆ ಬರೆದದ್ದು ಎಂದುಕೊಂಡೆ.

ಮೊದಲ ದಿನ ನಲವತ್ತು ನಿಮಿಷ ಹುಡುಕಿದರೂ ಬರೀ ಬರಬರ ಸದ್ದು. ಅರ್ಧ ಟ್ಯೂಬು ಜೆಲ್ ಮುಗಿಯುವವರೆಗೆ ಹುಡುಕಿ, ಆಮೇಲೆ ಅತ್ತುಬಿಟ್ಟೆ. ಎರಡನೇ ದಿನ ಹೊಕ್ಕುಳ ಕೆಳಗೆ, ಸ್ವಲ್ಪ ಎಡಕ್ಕೆ ಸಿಕ್ಕಿತು. ಡುಬ್, ಡುಬ್, ಡುಬ್. ಆ ಜಾಗಕ್ಕೆ ಬಾಲ್‌ಪೆನ್ನಿನಲ್ಲಿ ಸುತ್ತು ಹಾಕಿಟ್ಟುಕೊಂಡೆ. ನನ್ನ ಗಂಡ ಕೇಳಿ, ಕಣ್ಣೊರೆಸಿಕೊಂಡು, "ನಮ್ಮ ವಾಷಿಂಗ್ ಮಷೀನ್ ಥರಾನೇ ಇದೆ" ಎಂದ. ರೆಕಾರ್ಡು ಮಾಡಿ ಎಲ್ಲರಿಗೂ ಕಳಿಸಿದೆವು. "ನಿಮ್ಮಪ್ಪ ನಡೆಯೋ ಹಾಗೇ ಇದೆ ಕಣೇ, ಏನೂ ಅವಸರ ಇಲ್ಲ" ಎಂದು ಅಮ್ಮ ಫೋನಿನಲ್ಲಿ ಅತ್ತಳು. ನನ್ನ ನಾದಿನಿ ಅದನ್ನೇ ರಿಂಗ್‌ಟೋನ್ ಮಾಡಿಕೊಂಡಳು. ಮಾವ ಮಾತ್ರ ರೆಕಾರ್ಡನ್ನು ಎರಡು ಸಲ ಹಾಕಿಸಿಕೊಂಡು ಕೇಳಿ, "ಹೂಂ" ಎಂದು ನೀರಿನ ಬಾಟಲಿ ತುಂಬಿಸಲು ಎದ್ದುಹೋದರು. ಪೈಪಿಗೆ ಕೊಡುವಷ್ಟು ಮರ್ಯಾದೆ ಮೊಮ್ಮಗುವಿಗೆ ಇಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ದಿನಕ್ಕೆ ನಾಲ್ಕೈದು ಸಲ ಕೇಳುತ್ತಿದ್ದೆ. ಒಂದು ಸಂಗತಿ ಗಮನಕ್ಕೆ ಬಂತು. ಬೆಳಿಗ್ಗೆ ಹಾಸಿಗೆಯಲ್ಲಿ ಕೇಳಿದರೆ ಬಡಿತ ನಿಧಾನ. ಆಫೀಸಿನಿಂದ ಬಂದು, ಮೂರು ಮಹಡಿ ಹತ್ತಿ ಕೇಳಿದರೆ ಜೋರು. ನನಗೆ ಗಾಬರಿಯಾದರೆ ಇನ್ನೂ ಜೋರು. 'ನನ್ನ ಮನಸ್ಸಿನಲ್ಲಿ ಇರುವುದೆಲ್ಲ ಮಗುವಿಗೆ ಗೊತ್ತಾಗುತ್ತಿದೆ' ಎಂದು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಹನ್ನೊಂದನೇ ವಾರದ ಒಂದು ಸೋಮವಾರ ಬಟ್ಟೆಯಲ್ಲಿ ಕಲೆ ಕಂಡಿತು. ಕಂದು, ಅಂಚಿನಲ್ಲಿ ಕೆಂಪು. ಒಂದು ತೊಟ್ಟು ಕಂಡರೂ ಬರಬೇಕು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಾನು ಓಡಿದ್ದು ಯಂತ್ರದ ಹತ್ತಿರ. ಪೆನ್ನಿನ ಸುತ್ತಿಗೆ ಒತ್ತಿದೆ. ಡುಬ್ ಡುಬ್ ಡುಬ್, ಎಂದಿಗಿಂತ ಜೋರು. ಮಗು ಗಟ್ಟಿಯಾಗಿದೆ ಎಂದುಕೊಂಡೆ. ಆಸ್ಪತ್ರೆಗೆ ಹೋಗಲಿಲ್ಲ, ಯಾರಿಗೂ ಹೇಳಲಿಲ್ಲ. ಹೋದ ಸಲ ಸುದ್ದಿ ಕೊಟ್ಟದ್ದು ಆಸ್ಪತ್ರೆಯೇ. ಈ ಯಂತ್ರ ಇನ್ನೂ ಕೆಟ್ಟದ್ದೇನೂ ಹೇಳಿರಲಿಲ್ಲ. ಮಂಗಳವಾರವೂ ಕಲೆ ಇತ್ತು, ಬಡಿತವೂ ಇತ್ತು. ಬುಧವಾರ ರಜೆ ಹಾಕಿ ಮನೆಯಲ್ಲೇ ಉಳಿದೆ.

ಮಧ್ಯಾಹ್ನ ಮತ್ತೆ ಕೋಣೆಗೆ ಹೊರಟಾಗ ಹಾಲಿನಿಂದ ಮಾವನ ದನಿ ಬಂತು.

"ಇವತ್ತಿಗೆ ಇದು ಏಳನೇ ಸಲ. ಏನಾಯ್ತಮ್ಮ?"

ಮಾವನ ಹತ್ತಿರ ಹೇಳುವ ವಿಷಯವಲ್ಲ. ಗೋಡೆಯ ಬಣ್ಣದ ಬಗ್ಗೆ ಮಾತಾಡುವವಳ ಹಾಗೆ ಹೇಳಿದೆ. "ಸ್ವಲ್ಪ ಕಲೆ ಕಾಣಿಸ್ಕೊಂಡಿದೆ ಮಾವ. ಸೋಮವಾರದಿಂದ."

ಅವರು ಪೇಪರು ಮಡಚಿಟ್ಟರು. "ಆಸ್ಪತ್ರೆ?"

"ಬೇಡ, ಬಡಿತ ಚೆನ್ನಾಗೇ ಕೇಳಿಸ್ತಿದೆ."

"ಒಂದ್ಸಲ ನಾನೂ ಕೇಳ್ಲಾ?"

ನಾನು ಹೊದಿಕೆ ಹೊದ್ದು ಮಂಚದ ಮೇಲೆ ಮಲಗಿದೆ. ಮಾವ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು, ಈ ಕಡೆಗೆ ಬೆನ್ನು ಮಾಡಿ, ಚಪ್ಪಲಿ ಗೂಡನ್ನೇ ದಿಟ್ಟಿಸುತ್ತ ಕೂತರು. ನಾನು ಸ್ಪೀಕರು ಜೋರು ಮಾಡಿ, ಗುಂಡಿಯನ್ನು ಹೊಟ್ಟೆಗೆ ಒತ್ತಿ ಹಿಡಿದೆ. ಡುಬ್, ಡುಬ್.

"ಕೇಳಿಸ್ತಾ ಮಾವ?"

"ಕೇಳಿಸ್ತು. ಈಗ ಇನ್ನೊಂದು ಕಡೆ. ಖಾಲಿ ಇರೋ ಕೈ ಬೆರಳು ಕತ್ತಿನ ಪಕ್ಕ ಇಟ್ಕೊ. ನಾಡಿ ಸಿಕ್ತಾ? ಅಲ್ಲಿ ಬಡಿದಾಗೆಲ್ಲ ಬಾಯಲ್ಲಿ ಟಕ್ ಅನ್ನು."

"ಯಾಕೆ?"

"ಅನ್ನು ಸುಮ್ನೆ."

ನಾನು ಟಕ್ ಎಂದೆ. ಯಂತ್ರ ಡುಬ್ ಎಂದಿತು. ಟಕ್. ಡುಬ್. ಟಕ್. ಡುಬ್. ಮೂವತ್ತರವರೆಗೆ ಎಣಿಸಿದೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ನಡುವೆ ಹೆದರಿಕೆಯಾಗಿ ನನ್ನ ಟಕ್ಕು ಜೋರಾಯಿತು. ಡುಬ್ಬೂ ಜೋರಾಯಿತು.

"ಅದು ನಿಂದು ಕಣಮ್ಮ" ಎಂದರು ಮಾವ, ಚಪ್ಪಲಿ ಗೂಡಿಗೆ.

"ಮಗೂದೂ ಹಾಗೇ ಬಡೀಬಹುದಲ್ವಾ?"

"ಬಡೀಬಹುದು. ನಿನ್ನ ಜೊತೆ ತಾಳ ಹಾಕ್ಕೊಂಡು ಬಡಿಯಲ್ಲ."

ಒಂದೂವರೆ ವಾರ ಇಡೀ ಸಂಸಾರ ನನ್ನ ನಾಡಿ ಕೇಳಿ ಆನಂದಬಾಷ್ಪ ಸುರಿಸಿತ್ತು. ನಾದಿನಿಗೆ ಯಾರು ಫೋನು ಮಾಡಿದರೂ ನಾನೇ ಬಡಿದುಕೊಳ್ಳುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ನನಗೆ ನಗು ಬರಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ?"

"ರೆಕಾರ್ಡು ಕೇಳಿದಾಗ ಅನುಮಾನ ಬಂತು. ಅದು ಒಂದು ಕಡೆಯಿಂದ ಕೇಳಿದ್ದು, ಅದಕ್ಕೇ ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ನನ್ನದೇ ತಪ್ಪು."

"ಹಾಗಾದ್ರೆ ಒಳಗೆ ಏನೂ ಇಲ್ವಾ ಮಾವ?"

"ಹಾಗಂತ ನಾನೆಲ್ಲಿ ಹೇಳ್ದೆ? ನಮಗೆ ಕೇಳಿಸಿಲ್ಲ, ಅಷ್ಟೇ. ಕೇಳಿಸದೇ ಇರೋದು ಬೇರೆ, ಇಲ್ಲದೇ ಇರೋದು ಬೇರೆ. ಏಳು, ಚಪ್ಪಲಿ ಹಾಕ್ಕೊ."

ಗಂಡನಿಗೆ ಫೋನು ಮಾಡಿದೆ. ಅವನು ಕನ್ನಡಕದಂಗಡಿಯಲ್ಲಿ ಯಾರದೋ ಮೂಗಿನ ಅಳತೆ ತೆಗೆಯುತ್ತಿದ್ದವನು ಸ್ಕೇಲು ಹಿಡಿದುಕೊಂಡೇ ಹೊರಟನಂತೆ. ನಾವು ಆಟೊ ಹತ್ತಿದೆವು. ದಾರಿಯುದ್ದಕ್ಕೂ ಮಾವ ಆಡಿದ್ದು ಒಂದೇ ಮಾತು, ಅದೂ ಡ್ರೈವರಿಗೆ: "ಹಿಂದಿನ ಚಕ್ರದ ಬೇರಿಂಗ್ ಹೋಗಿದೆಯಪ್ಪ. ಈಗ ನಿಲ್ಲಿಸ್ಬೇಡ."

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ ಟೋಕನ್ ತೆಗೆದುಕೊಂಡು ಕೂತಿರಿ ಎಂದಳು. ಜೀವಮಾನದಲ್ಲಿ ದನಿ ಏರಿಸದ ಮಾವ, "ಬ್ಲೀಡಿಂಗ್!" ಎಂದು ಕೂಗಿದರು. ಕೂತಿದ್ದ ಹದಿನಾಲ್ಕು ಜನ ಒಟ್ಟಿಗೆ ನನ್ನನ್ನು ನೋಡಿದರು. ಟೋಕನ್ ಬೇಕಾಗಲಿಲ್ಲ.

ಸ್ಕ್ಯಾನ್ ಕೋಣೆಯಲ್ಲಿ ಪರದೆ ಡಾಕ್ಟರ ಕಡೆಗಿತ್ತು. ಹೋದ ಸಲವೂ ಹಾಗೇ ಇತ್ತು. ಆಗ ಅವರು ಸುಮ್ಮನಿದ್ದಷ್ಟು ಹೊತ್ತು ನನಗೆ ಲೆಕ್ಕವಿದೆ. ಈಗಲೂ ಸುಮ್ಮನಿದ್ದರು. ಹೊಟ್ಟೆಯ ಮೇಲಿನ ಪೆನ್ನಿನ ಸುತ್ತು ನೋಡಿ, ಇದೇನು ಎಂದರು. ಯಂತ್ರದ ಕಥೆ ಹೇಳಿದೆ.

"ಎರಡು ದಿನದಿಂದ ಬ್ಲೀಡಿಂಗ್ ಇದ್ರೂ ಬರ್ಲಿಲ್ಲ?"

"ಬಡಿತ ಕೇಳಿಸ್ತಿತ್ತು ಡಾಕ್ಟ್ರೇ."

"ಕೇಳಿಸ್ದೆ ಇರುತ್ತಾ? ಬದುಕಿದ್ದೀರಲ್ಲ ನೀವು" ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ನೋಡಿ."

ಬೂದು ಬಣ್ಣದೊಳಗೆ ಎಳ್ಳಿನ ಕಾಳಿನಷ್ಟು ಏನೋ ಮಿಣುಕುತ್ತಿತ್ತು. ಕೆಳಗೆ ನೂರ ಅರವತ್ತೆಂಟು ಎಂದು ಬರೆದಿತ್ತು. ನಾನು ಕತ್ತಿನ ಪಕ್ಕ ಬೆರಳಿಟ್ಟುಕೊಂಡು ನೋಡಿದೆ. ಎರಡಕ್ಕೂ ಯಾವ ಸಂಬಂಧವೂ ಇರಲಿಲ್ಲ. ನನ್ನ ಗಾಬರಿಯ ಸುದ್ದಿ ಅದಕ್ಕೆ ತಲುಪಿದ ಹಾಗೇ ಕಾಣಲಿಲ್ಲ; ಅದು ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ಇಷ್ಟು ನೆಮ್ಮದಿ ಕೊಟ್ಟ ಅಸಡ್ಡೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಗುವಿನ ಚೀಲದ ಪಕ್ಕ ಸ್ವಲ್ಪ ರಕ್ತ ನಿಂತಿದೆ, ವಿಶ್ರಾಂತಿ ಬೇಕು, ವಾರ ಬಿಟ್ಟು ಮತ್ತೆ ಸ್ಕ್ಯಾನ್, ಹೆಚ್ಚಾದರೆ ಆ ಕ್ಷಣವೇ ಬರಬೇಕು ಎಂದರು. "ಇವತ್ತಿಗೆ ಚೆನ್ನಾಗಿದೆ. ಇವತ್ತಿಗೆ ಅಂತ ಹೇಳ್ತಿದ್ದೀನಿ" ಎಂದೂ ಸೇರಿಸಿದರು. ಮಾವನ ಇಲಾಖೆಯಲ್ಲಿ ಇದ್ದಿದ್ದರೆ ಇವರೂ ಒಳ್ಳೆಯ ಹೆಸರು ತೆಗೆಯುತ್ತಿದ್ದರು.

ಹೊರಗೆ ಬಂದಾಗ ಗಂಡ ಇನ್ನೂ ಟ್ರಾಫಿಕ್ಕಿನಲ್ಲಿದ್ದ. ಮಾವ ಬಾಗಿಲಿಗೆ ಎದುರಿನ ಕುರ್ಚಿಯಲ್ಲಿ ಕಾಲು ಜೋಡಿಸಿ, ಬಿಗಿದುಕೊಂಡು ಕೂತಿದ್ದರು.

"ಇದೆ ಮಾವ."

"ಕಣ್ಣಾರೆ ನೋಡಿದ್ಯಾ?"

"ನೋಡ್ದೆ. ನೂರ ಅರವತ್ತೆಂಟು."

"ನಿಂದು?"

"ನೂರಾಹತ್ತು ಇರಬಹುದು."

ಎರಡನ್ನೂ ಮನಸ್ಸಿನಲ್ಲೇ ತಾಳೆ ನೋಡಿದರು. ತಲೆಯಾಡಿಸಿದರು. ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದರು.

"ಟಾಯ್ಲೆಟ್ ಎಲ್ಲಿದೆ ಕೇಳಮ್ಮ. ಒಂದೂವರೆ ಗಂಟೆಯಿಂದ ತಡ್ಕೊಂಡು ಕೂತಿದ್ದೀನಿ. ನೀನು ಹೊರಗೆ ಬಂದಾಗ ಇಲ್ಲಿ ಯಾರೂ ಇಲ್ಲ ಅಂತ ಆಗ್ಬಾರ್ದಲ್ಲ."