ಬಚ್ಚಣ್ಣನ ಕೆಂಪು ನೂಲು

ಬಚ್ಚ ಮೊಗವೀರರನ್ನು ನಾನು ಮೊದಲು ಕಂಡದ್ದು ಕುಂದಾಪುರದ ಕೋಡಿ ಕಡಲತೀರದಲ್ಲಿ, ಎರಡು ವರ್ಷದ ಹಿಂದೆ, ನವೆಂಬರಿನ ಒಂದು ಬೆಳಿಗ್ಗೆ. ದಡಕ್ಕೆ ಬಿದ್ದಿದ್ದ ಸತ್ತ ಡಾಲ್ಫಿನ್ನಿನ ಹೊಟ್ಟೆಯನ್ನು ಪಶುವೈದ್ಯರು ಸೀಳುತ್ತಿದ್ದರು. ಎಂ.ಎಸ್ಸಿ. ಓದುತ್ತಿದ್ದ ನಾನು ಬಾಟಲಿ ಹಿಡಿದು ನಿಂತಿದ್ದೆ. ಹತ್ತು ಹೆಜ್ಜೆ ಆಚೆ, ದೋಣಿಯ ನೆರಳಲ್ಲಿ, ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಅವರು ಹರಿದಲ್ಲಿ ಹೆಣೆಯುತ್ತಿದ್ದರು.

"ಹ್ವಾಯ್, ನಿಮ್ಗ್ ಯಾವೂರಾಯ್ತ್?"

"ಶಂಕರನಾರಾಯಣ."

"ಗದ್ದಿ ಬದಿಯವ್ರಾ? ಹಂಗಾರೆ ಮೂಗ್ ಮುಚ್ಕಣಿ. ಅದ್ರ್ ಹೊಟ್ಟಿಯೊಳ್ಗ್ ಎಂತ ಹುಡ್ಕುದ್?"

"ಪ್ಲಾಸ್ಟಿಕ್."

"ಅದೆಂತ ಪ್ಯಾಟಿಗ್ ಹೋತ್ತಾ?" ಎಂದು ನಕ್ಕರು. ಆದರೂ, ಸಿಕ್ಕಿದ್ದನ್ನು ತಂದು ತೋರಿಸಬೇಕೆಂದರು.

ಬಲೆಯ ಕೆಲಸ ಮುಗಿದ ಮೇಲೆ ಅವರು ನೂಲಿನ ಚೂರುಗಳನ್ನು ಗುಡಿಸಿ, ಅಲೆಗೆ ಬಿಟ್ಟು ಕೈಮುಗಿದರು. ಬಲೆಯ ಚೂರನ್ನು ತುಳಿಯಬಾರದು, ಒಲೆಗೆ ಹಾಕಬಾರದು, ಕಡಲಿಗೇ ಬಿಡಬೇಕು ಎಂದು ಅವರ ಅಬ್ಬಿ, ಅಂದರೆ ಅಮ್ಮ, ಹೇಳಿಕೊಟ್ಟಿದ್ದರಂತೆ.

ತಿಂಗಳ ನಂತರ ಒಂದು ಸೀಸೆ, ಒಂದು ಭೂತಗನ್ನಡಿ ಒಯ್ದೆ. ಬಲೆಯ ನೈಲಾನ್ ನೂಲು ಸವೆದು ಧೂಳಿನಷ್ಟಾಗುತ್ತದೆ, ಮೀನು ಅದನ್ನು ನುಂಗುತ್ತದೆ, ಡಾಲ್ಫಿನ್ ಆ ಮೀನನ್ನು ತಿನ್ನುತ್ತದೆ ಎಂದು ವಿವರಿಸಿದೆ. ಸೀಸೆಯಲ್ಲಿ ಆ ಡಾಲ್ಫಿನ್ನಿನ ಹೊಟ್ಟೆಯಲ್ಲಿ ಸಿಕ್ಕ, ಕೂದಲಿಗಿಂತ ಸಣ್ಣ ಎಳೆಗಳಿದ್ದವು. ಮೂರು ಕೆಂಪು. ಅಲ್ಲಿ ಉಳಿದವರೆಲ್ಲ ನೀಲಿ ನೂಲಿನಲ್ಲಿ ಹೆಣೆದರೆ, ತಾನು ಹೆಣೆದ ಜಾಗ ಗುರುತು ಸಿಗಲೆಂದು ಬಚ್ಚಣ್ಣ ಮಾತ್ರ ಕೆಂಪು ಬಳಸುತ್ತಿದ್ದರು.

ಬಹಳ ಹೊತ್ತು ನೋಡಿದರು.

"ಇದ್ ನಂದಾ, ಮಗಾ?"

"ಹೇಳುಕಾತಿಲ್ಲ ಬಚ್ಚಣ್ಣ. ಕೆಂಪ್ ನೂಲ್ ಎಲ್ಲಾ ಬದೀಲೂ ಇತ್ತ್. ಅದ್ರಿಂದ್ಲೇ ಸತ್ತದ್ ಅಂದೇಳೂ ಹೇಳುಕಾತಿಲ್ಲ."

"ನಂದಲ್ಲ ಅಂದೇಳಿ ಹೇಳುಕಾತ್ತಾ?"

ಆಗುವುದಿಲ್ಲ ಎಂದೆ.

ಅವರು ಸೀಸೆ ಹಿಂದಿರುಗಿಸಿದರು. "ಅಬ್ಬಿ ಹೇಳದ್ದ್ ಹತ್ತಿ ನೂಲಿಗೆ. ಅದ್ ಕೊಳಿತಿತ್ತ್. ನಾನ್ ನೈಲಾನಿಗೂ ಅದ್ನೇ ಮಾಡ್ದೆ."

ಆ ಸಂಜೆ ಅವರು ಚೂರುಗಳನ್ನು ಅಲೆಗೆ ಬಿಡಲಿಲ್ಲ, ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಮನೆಗೆ ನಡೆದರು. ಅದನ್ನು ಕಂಡ ಹೆಂಡತಿ ಪುಷ್ಪಕ್ಕ, "ನಲ್ವತ್ ವರ್ಷ ನಾ ಹೇಳದ್ದ್ ಒಂದೂ ಕೇಂಡವ್ರಲ್ಲ, ಸತ್ತ ಮೀನ್ ಹೇಳದ್ದ್ ಕೇಂಡ್ರ್" ಎಂದರು. 

ಬಚ್ಚಣ್ಣ ಈಗಲೂ ಕೋಡಿಯಲ್ಲಿ ಕೆಂಪು ನೂಲಿನಲ್ಲೇ ಬಲೆ ಹೆಣೆಯುತ್ತಾರೆ. ಕಾಲಡಿಗೆ ಹಳೆಯ ಪಂಚೆ ಹಾಸಿಕೊಳ್ಳುತ್ತಾರೆ. ಚೂರುಗಳನ್ನು ಚೀಲಕ್ಕೆ ತುಂಬಿ, ಪುರಸಭೆಯ ಕಸದ ಗಾಡಿಗೆ ಹಾಕುವ ಮೊದಲು ಒಮ್ಮೆ ಕೈಮುಗಿಯುತ್ತಾರೆ.